ಸೂಚೀಕರ್ಮದಲ್ಲಿ ವರ್ಣವಿನ್ಯಾಸಗಳ ಪರೀಕ್ಷೆ

೧. ವಿಷಯಪ್ರವೇಶ

ಸೂಜಿಯಿಂದಲೂ ನೂಲಿನಿಂದಲೂ ಬಟ್ಟೆಯ ಮೇಲೆ ರೂಪಗಳನ್ನು ಮೂಡಿಸುವ ಕಲೆಗೆ ಸಂಸ್ಕೃತದಲ್ಲಿ ಸೂಚೀಕರ್ಮವೆಂದೂ ಕನ್ನಡದ ಬಳಕೆಯಲ್ಲಿ ಕಸೂತಿಯೆಂದೂ ಹೆಸರು. ಈ ಕಲೆಯಲ್ಲಿ ನೈಪುಣ್ಯವನ್ನು ಪಡೆದವರಿಗೆ ಪರೀಕ್ಷೆಯನ್ನು ನಡೆಯಿಸಿ ಯೋಗ್ಯತಾಪತ್ರವನ್ನು ಕೊಡುವ ಪದ್ಧತಿಯು ಇಂದು ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೫೮ರಲ್ಲಿ ಲಂಡನ್ನಿನ ಕಸೂತಿಗಾರರ ಸಂಘದ ಶಾಖೆಯಾಗಿ ಹುಟ್ಟಿ, ೧೯೭೦ರಲ್ಲಿ ಸ್ವತಂತ್ರವಾದ ‘ಎಂಬ್ರಾಯ್ಡರರ್ಸ್ ಗಿಲ್ಡ್ ಆಫ್ ಅಮೆರಿಕ’ ಎಂಬ ಸಂಘವು ‘ಮಾಸ್ಟರ್ ಕ್ರಾಫ್ಟ್ಸ್‌ಮನ್’ ಎಂಬ ಬಿರುದಿಗಾಗಿ ಪರೀಕ್ಷೆಗಳನ್ನು ಏರ್ಪಡಿಸಿದೆ. ರೇಷ್ಮೆ ಮತ್ತು ಜರಿಯ ಕೆಲಸ, ಎಳೆಯೆಣಿಸಿ ಹಾಕುವ ಕೆಲಸ ಮೊದಲಾದ ಹೊಲಿಗೆಯ ವಿಭಾಗಗಳ ಜೊತೆಗೆ ವರ್ಣವೂ ವಿನ್ಯಾಸವೂ ಅಲ್ಲಿ ಪ್ರತ್ಯೇಕ ಪರೀಕ್ಷಾವಿಷಯಗಳಾಗಿವೆ. ಅಂದರೆ, ಒಬ್ಬಳು ಎಷ್ಟು ಚೆನ್ನಾಗಿ ಹೊಲಿಯಬಲ್ಲಳು ಎಂಬುದನ್ನು ಮಾತ್ರವಲ್ಲದೆ, ಎಷ್ಟು ಚೆನ್ನಾಗಿ ನೋಡಬಲ್ಲಳು ಮತ್ತು ಯೋಚಿಸಬಲ್ಲಳು ಎಂಬುದನ್ನೂ ಅಳೆದು ಬಿರುದು ಕೊಡುವುದು ಅಲ್ಲಿಯ ಕ್ರಮವಾಗಿದೆ.

ಇದು ಮೇಲುನೋಟಕ್ಕೆ ಸಹಜವಾಗಿ ತೋರಬಹುದು. ಆದರೆ ಚರಿತ್ರೆಯನ್ನು ಪರಿಶೀಲಿಸಿದರೆ ಇದು ಬಹಳ ತಡವಾಗಿ, ಬಹಳ ಶ್ರಮದಿಂದ ಸಿದ್ಧಿಸಿದ ಸಂಗತಿಯೆಂಬುದು ವಿದಿತವಾಗುವುದು. ಒಂದು ಕಸೂತಿಯ ಗುಣವನ್ನು ನಿರ್ಣಯಿಸಬೇಕಾದರೆ ಮೂರು ಪ್ರಶ್ನೆಗಳನ್ನು ಕೇಳಬಹುದು. ಬಳಸಿದ ಬಟ್ಟೆ, ರೇಷ್ಮೆ, ಜರಿಗಳು ಶುದ್ಧವಾದವುಗಳೇ? ಇದು ದ್ರವ್ಯಪರೀಕ್ಷೆ. ಹೊಲಿಗೆಯು ಸಮವಾಗಿಯೂ ನಿಯಮಕ್ಕೆ ತಪ್ಪದೆಯೂ ಬಿದ್ದಿದೆಯೇ? ಇದು ಹಸ್ತಪರೀಕ್ಷೆ. ಯಾವ ರೂಪವನ್ನು ಎಲ್ಲಿ ನಿಲ್ಲಿಸಬೇಕು, ಯಾವ ಬಣ್ಣದ ಬಳಿಯಲ್ಲಿ ಯಾವ ಬಣ್ಣವನ್ನಿಡಬೇಕು ಎಂಬ ವಿವೇಕವು ಕೆಲಸ ಮಾಡಿದವಳಲ್ಲಿಯೇ ಇದ್ದಿತೇ? ಇದು ಮತಿಪರೀಕ್ಷೆ. ಇವುಗಳಲ್ಲಿ ಮೊದಲಿನವೆರಡು ಬಹು ಪ್ರಾಚೀನವಾದುವು. ಮೂರನೆಯದಕ್ಕೆ ಯೂರೋಪಿನಲ್ಲಿ ಒಂದೂಕಾಲು ಶತಮಾನಕ್ಕೆ ಸ್ವಲ್ಪ ಹೆಚ್ಚು ವಯಸ್ಸಾಗಿದೆ, ಅಷ್ಟೆ. ಈ ವಿಳಂಬಕ್ಕೆ ಕಾರಣವೇನು, ಇದರಿಂದ ಕಸೂತಿಯವಳಿಗೆ ಆದ ನಷ್ಟವೇನು, ಮತಿಪರೀಕ್ಷೆಯು ಬಂದ ಮೇಲೆ ಆದ ಲಾಭವೇನು ಎಂಬುದೇ ಪ್ರಕೃತ ವಿಚಾರ.

೨. ಶ್ರೇಣಿಗಳ ಕಾಲ

ಮಧ್ಯಯುಗದ ಯೂರೋಪಿನಲ್ಲಿ ಕಸೂತಿಯು ಬಂಗಾರಕ್ಕೆ ಸಮಾನವಾದ ವಸ್ತುವಾಗಿದ್ದಿತು. ೧೩ ಮತ್ತು ೧೪ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಕೆಲಸವು ‘ಓಪಸ್ ಆಂಗ್ಲಿಕಾನಮ್’, ಅಂದರೆ ಆಂಗ್ಲರ ಕೃತಿ, ಎಂಬ ಹೆಸರಿನಿಂದ ಖಂಡದಲ್ಲೆಲ್ಲ ಖ್ಯಾತಿಯನ್ನು ಪಡೆದಿದ್ದಿತು. ೧೨೪೬ರಲ್ಲಿ ನಾಲ್ಕನೆಯ ಇನೋಸೆಂಟ್ ಪೋಪನು ಇಂಗ್ಲೆಂಡಿನ ಪಾದ್ರಿಗಳ ಉಡುಪಿನ ಮೇಲಿನ ಜರಿಯ ಕೆಲಸವನ್ನು ಕಂಡು ಮೋಹಿತನಾಗಿ, ಅಂಥವನ್ನು ತನಗೂ ಕಳುಹಿಸಬೇಕೆಂದು ಅಲ್ಲಿಯ ಮಠಗಳಿಗೆ ಬರೆಯಿಸಿದನೆಂದು ಮ್ಯಾಥ್ಯೂ ಪ್ಯಾರಿಸ್ ಎಂಬ ಸಂನ್ಯಾಸಿಯು ತನ್ನ ಇತಿಹಾಸದಲ್ಲಿ ತಿಳಿಸಿದ್ದಾನೆ. ಅದೇ ಕಾಲದಲ್ಲಿ ಬರಿ ಸೇಂಟ್ ಎಡ್ಮಂಡ್ಸ್ ಊರಿನ ಮೇಬಲ್ ಎಂಬವಳ ಹೆಸರು ಮೂರನೆಯ ಹೆನ್ರಿ ರಾಜನ ಲೆಕ್ಕಪತ್ರಗಳಲ್ಲಿ ಮತ್ತೆ ಮತ್ತೆ ಬರುವುದು. ೧೨೫೬ರಲ್ಲಿ ರಾಜನು ಆ ಊರಿಗೆ ಬಂದಾಗ ಅವಳ ಹಿಂದಿನ ಸೇವೆಯನ್ನು ನೆನೆದು ತುಪ್ಪುಳದ ಅಂಚಿನ ನಿಲುವಂಗಿಗೆ ಬೇಕಾದ ಬಟ್ಟೆಯನ್ನು ಕೊಡಿಸಿದನು. ಆ ಕಾಲದಲ್ಲಿ ಒಬ್ಬ ಕಸೂತಿಯವಳಿಗೆ ದೊರೆಯಬಹುದಾಗಿದ್ದ ಯೋಗ್ಯತಾಪತ್ರವೆಂದರೆ ಇದೇ. ಪ್ರಭುವಿನ ಪ್ರಸಾದವೇ ಪ್ರಮಾಣ.

ಪ್ರಭುವಿನ ಪ್ರಸಾದವು ಎಲ್ಲರಿಗೂ ಸಿಕ್ಕುವುದಲ್ಲ. ಉಳಿದವರ ಮರ್ಯಾದೆಯನ್ನು ಕಾಯಲು ಕಸುಬಿನ ಶ್ರೇಣಿಗಳು ಏರ್ಪಟ್ಟುವು. ೧೩ನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ಯಾರಿಸ್ ನಗರದ ಕಸೂತಿಗಾರರಿಗೆ ಲಿಖಿತ ಕಟ್ಟಳೆಗಳು ದೊರೆತುವು. ಆ ಶ್ರೇಣಿಯಲ್ಲಿ ಹೆಂಗಸರೂ ಗಂಡಸರೂ ಇದ್ದರು. ಶಿಷ್ಯವೃತ್ತಿಯ ಅವಧಿ ಎಂಟು ವರ್ಷ. ದೀಪದ ಬೆಳಕಿನಲ್ಲಿ ಮಾಡಿದ ಕೆಲಸವು ಹಗಲಿನ ಕೆಲಸದಷ್ಟು ಒಳ್ಳೆಯದಾಗಲಾರದೆಂಬ ಕಾರಣದಿಂದ ರಾತ್ರಿಯಲ್ಲಿ ಹೊಲಿಯುವುದಕ್ಕೆ ನಿಷೇಧವಿದ್ದಿತು. ಲಂಡನ್ನಿನ ‘ಬ್ರಾಡರರ್ಸ್ ಕಂಪೆನಿ’ ಎಂಬ ಶ್ರೇಣಿಯು ೧೫೬೧ರಲ್ಲಿ ಒಂದನೆಯ ಎಲಿಜಬೆತ್ ರಾಣಿಯಿಂದ ಶಾಸನವನ್ನು ಪಡೆಯಿತು.

ಈ ಕಟ್ಟಳೆಗಳ ಸ್ವಭಾವವು ಗಮನಾರ್ಹವಾಗಿದೆ. ಜರಿಯು ನಿಜವಾದುದೇ ಎಂದು ನೋಡುವುದು ದ್ರವ್ಯಪರೀಕ್ಷೆ. ಎಂಟು ವರ್ಷದ ಅಭ್ಯಾಸವೂ ಹಗಲಿನ ಬೆಳಕೂ ಹಸ್ತಪರೀಕ್ಷೆಗೆ ಸಂಬಂಧಪಟ್ಟುವು. ಬಣ್ಣವನ್ನು ಸರಿಯಾಗಿ ಕಾಣುವುದಕ್ಕೆ ಹಗಲು ಬೇಕೆಂಬುದನ್ನು ಬಲ್ಲವರಾಗಿದ್ದರೂ, ಬಣ್ಣವನ್ನು ಆರಿಸುವ ವಿವೇಕವು ಶಿಷ್ಯೆಯಲ್ಲಿ ಇದೆಯೇ ಎಂದು ಕೇಳುವ ಪರೀಕ್ಷೆಯನ್ನು ಶ್ರೇಣಿಗಳವರು ಏರ್ಪಡಿಸಲಿಲ್ಲ. ಏಕೆಂದರೆ ಆ ವಿವೇಕವನ್ನು ಅವರು ಇನ್ನೊಬ್ಬರಿಂದ ಕೊಂಡು ತರುತ್ತಿದ್ದರು.

೩. ಚಿತ್ರಕಾರನ ಗೆರೆ, ಕಸೂತಿಯವಳ ಸೂಜಿ

ಆ ಇನ್ನೊಬ್ಬನೇ ಚಿತ್ರಕಾರನು. ಇಟಲಿ ದೇಶದ ಚೆನ್ನೀನೋ ಚೆನ್ನೀನಿ ಎಂಬ ಚಿತ್ರಕಾರನು ಕ್ರಿ. ಶ. ೧೪೦೦ರ ಸುಮಾರಿಗೆ ರಚಿಸಿದ ಶಿಲ್ಪಗ್ರಂಥದಲ್ಲಿ ಕಸೂತಿಗಾರರಿಗಾಗಿ ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಡುವ ವಿಧಾನವನ್ನು ಹೇಳಿದ್ದಾನೆ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಮೊದಲು ಇದ್ದಿಲಿನಿಂದ ಗೆರೆಯೆಳೆದು, ಅನಂತರ ಲೇಖನಿಯಿಂದ ಮಸಿಯಲ್ಲಿ ಅದನ್ನು ಸ್ಥಿರಪಡಿಸಿ, ನೆರಳು ಬರುವೆಡೆಗಳನ್ನೂ ಅವನೇ ತೋರಿಸಿಕೊಡಬೇಕು. ಫ್ಲಾರೆನ್ಸ್ ನಗರದ ಸಂತ ಯೋಹಾನನ ದೀಕ್ಷಾಮಂದಿರಕ್ಕಾಗಿ ೧೫ನೆಯ ಶತಮಾನದ ಉತ್ತರಾರ್ಧದಲ್ಲಿ ಸಿದ್ಧವಾದ ಪ್ರಸಿದ್ಧ ಕಸೂತಿಗಳ ಚಿತ್ರಗಳನ್ನು ಬರೆದುಕೊಟ್ಟವನು ಆಂಟೋನಿಯೋ ಪೊಲ್ಲಾಯೂವೋಲೋ. ಕಲೆಯ ಚರಿತ್ರೆಯನ್ನು ಓದಿದವರೆಲ್ಲರಿಗೂ ಅವನ ಹೆಸರು ಪರಿಚಿತವಾಗಿದೆ. ಅವನ ಗೆರೆಯನ್ನು ವರ್ಷಗಟ್ಟಲೆ ರೇಷ್ಮೆಯಿಂದ ತುಂಬಿದವರ ಹೆಸರುಗಳು ಲೆಕ್ಕದ ಪುಸ್ತಕಗಳಲ್ಲಿ ಉಳಿದುವೇ ಹೊರತು ಜನರ ಬಾಯಲ್ಲಿ ಉಳಿಯಲಿಲ್ಲ.

ಆದರೆ ಗೆರೆಯು ಚಿತ್ರಕಾರನದಾದರೂ ವರ್ಣವು ಸಂಪೂರ್ಣವಾಗಿ ಅವನ ವಶದಲ್ಲಿರಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಚಿತ್ರಕಾರನು ಎರಡು ಬಣ್ಣಗಳನ್ನು ತಟ್ಟೆಯಲ್ಲಿ ಕಲಸಿ ಮೂರನೆಯದನ್ನು ಪಡೆಯಬಹುದು. ನೂಲುಗಳನ್ನು ಹಾಗೆ ಕಲಸಲಾಗದು. ಎರಡು ಎಳೆಗಳನ್ನು ಒತ್ತಾಗಿಟ್ಟು, ದೂರದಿಂದ ನೋಡುವವನ ಕಣ್ಣಿನಲ್ಲಿ ಅವು ಬೆರೆಯುವಂತೆ ಮಾಡಬೇಕು. ಅಲ್ಲದೆ ರೇಷ್ಮೆಯ ಎಳೆಯು ಬೀಳುವ ದಿಕ್ಕು ಬದಲಾದರೆ ಹೊಳಪೂ ಬದಲಾಗುವುದು. ಒಂದೇ ಬಣ್ಣದ ದಾರದಿಂದ ತುಂಬಿದ ಎಲೆಯ ಎರಡು ಮಗ್ಗುಲುಗಳು ಎರಡು ಬಣ್ಣಗಳಂತೆ ತೋರುವುವು. ೧೫ನೆಯ ಶತಮಾನದಲ್ಲಿ ಉತ್ಕರ್ಷಕ್ಕೆ ಬಂದ ‘ಓರ್ ನ್ಯುಯೇ’ ಎಂಬ ಕ್ರಮವು ಇದಕ್ಕೆ ಉತ್ತಮ ನಿದರ್ಶನ. ಇದರಲ್ಲಿ ಜರಿಯ ಎಳೆಗಳನ್ನು ಅಡ್ಡಲಾಗಿ ಹಾಸಿ, ಬಣ್ಣದ ರೇಷ್ಮೆಯಿಂದ ಅವನ್ನು ಬಟ್ಟೆಗೆ ಕಚ್ಚಿಸುವರು. ರೇಷ್ಮೆಯ ಹೊಲಿಗೆಗಳು ಒತ್ತಾದೆಡೆಯಲ್ಲಿ ನೆರಳು. ವಿರಳವಾದೆಡೆಯಲ್ಲಿ ಬಂಗಾರದ ಬೆಳಕು. ವಿಯೆನ್ನಾ ನಗರದಲ್ಲಿ ಇಂದಿಗೂ ಇರುವ ಸುವರ್ಣೋರ್ಣೆಯ ವೀರಮಂಡಲದ ಪೂಜಾವಸ್ತ್ರಗಳು ಈ ಕ್ರಮದ ಪರಾಕಾಷ್ಠೆಯೆಂದು ಬಲ್ಲವರ ಮತ. ಇಂಥ ಕೆಲಸದಲ್ಲಿ ಪ್ರತಿಯೊಂದು ಹೊಲಿಗೆಯೂ ಒಂದು ವರ್ಣನಿರ್ಣಯವೇ. ಚಿತ್ರಕಾರನು ತೋರಿಸಿದ ನೆರಳನ್ನು ಎಷ್ಟು ಹೊಲಿಗೆಗಳಿಂದ ಸಾಧಿಸಬೇಕೆಂಬುದನ್ನು ನಿಶ್ಚಯಿಸಿದವಳು ಅಥವಾ ನಿಶ್ಚಯಿಸಿದವನು ಸೂಜಿ ಹಿಡಿದವರೇ. ಹೀಗಿರಲು ಮತಿಯು ಕಸೂತಿಗಾರರಲ್ಲಿ ಇರಲಿಲ್ಲವೆಂದು ಹೇಳುವಂತಿಲ್ಲ. ಅದನ್ನು ಗಣನೆಗೆ ತರುವ ಪದ್ಧತಿ ಇರಲಿಲ್ಲವೆಂದು ಮಾತ್ರ ಹೇಳಬೇಕು.

ಮುದ್ರಣಯಂತ್ರವು ಬಂದ ಮೇಲೆ ಈ ಭೇದವು ಇನ್ನೂ ಬಲವಾಯಿತು. ೧೫೨೩ರ ಸುಮಾರಿಗೆ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಯೋಹಾನ್ ಶೋನ್‌ಸ್ಪೆರ್ಗರನು ಕಸೂತಿಯ ಮಾದರಿಗಳ ಪುಸ್ತಕವನ್ನು ಅಚ್ಚುಹಾಕಿದನು. ಅಂಥ ಪುಸ್ತಕದ ಹಾಳೆಯ ಮೇಲಿನ ಗೆರೆಗಳನ್ನು ಸೂಜಿಯಿಂದ ಚುಚ್ಚಿ, ರಂಧ್ರಗಳ ಮೇಲೆ ಇದ್ದಿಲಿನ ಪುಡಿಯನ್ನು ತಟ್ಟಿದರೆ ಬಟ್ಟೆಯ ಮೇಲೆ ಚಿತ್ರವು ಮೂಡುವುದು. ವಿನ್ಯಾಸವು ಹೀಗೆ ಅಂಗಡಿಯ ಪದಾರ್ಥವಾಯಿತು. ೧೭೭೦ರಲ್ಲಿ ಫ್ರಾನ್ಸಿನ ರಾಜನ ಚಿತ್ರವಿನ್ಯಾಸಕನಾಗಿದ್ದ ಶಾರ್ಲ್ ಜೆರ್ಮೇನ್ ದ ಸೇಂತ್ ಓಬೇನನು ಕಸೂತಿಯನ್ನು ಕುರಿತು ಒಂದು ಶಾಸ್ತ್ರಗ್ರಂಥವನ್ನು ಬರೆದು, ಈ ಕಲೆಗೆ ಚಿತ್ರಲೇಖನವೇ ತಳಹದಿಯೆಂದು ಸ್ಪಷ್ಟವಾಗಿ ಸಾರಿದನು. ಲ್ಯಾಟಿನ್ ಭಾಷೆಯಲ್ಲಿ ಕಸೂತಿ ಹಾಕುವುದಕ್ಕೆ ‘ಸೂಜಿಯಿಂದ ಚಿತ್ರ ಬರೆಯುವುದು’ ಎಂಬ ಅರ್ಥದ ನುಡಿಯೇ ಬಳಕೆಯಲ್ಲಿದ್ದುದನ್ನು ಇದರೊಡನೆ ಹೋಲಿಸಬಹುದು. ಶಬ್ದವು ಸೂಜಿಗೂ ಚಿತ್ರಕ್ಕೂ ಅಭೇದವನ್ನು ಹೇಳಿತು. ವ್ಯವಹಾರವು ಅವೆರಡನ್ನು ಇಬ್ಬರಿಗೆ ಹಂಚಿತು.

ಮನೆಗಳಲ್ಲಿ ಹುಡುಗಿಯರು ಹೊಲಿದ ಮಾದರಿಬಟ್ಟೆಗಳದು ಬೇರೊಂದು ಕಥೆ. ಇಂಗ್ಲೆಂಡಿನಲ್ಲಿ ವರ್ಷವನ್ನು ನಮೂದಿಸಿದ ಮಾದರಿಬಟ್ಟೆಗಳಲ್ಲಿ ಅತ್ಯಂತ ಹಳೆಯದು ಜೇನ್ ಬಾಸ್ಟಾಕ್ ಎಂಬವಳು ೧೫೯೮ರಲ್ಲಿ ಹೊಲಿದುದು. ಅದು ಈಗ ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಮೊದಲು ಜ್ಞಾಪಕಕ್ಕಾಗಿ ಹೊಲಿಗೆಗಳನ್ನು ಕೂಡಿಡುವ ಬಟ್ಟೆಯಾಗಿದ್ದುದು ಕಾಲಕ್ರಮದಲ್ಲಿ ಪರೀಕ್ಷೆಯ ಬಟ್ಟೆಯಾಯಿತು. ೧೯ನೆಯ ಶತಮಾನದಲ್ಲಿ ಬ್ರಿಸ್ಟಲ್ ನಗರದ ಅನಾಥಾಲಯದ ಹುಡುಗಿಯರು ಕೆಂಪು ನೂಲಿನಿಂದ ಅಕ್ಷರಗಳನ್ನೂ ಅಂಚುಗಳನ್ನೂ ಬಲು ಸೂಕ್ಷ್ಮವಾಗಿ ಹೊಲಿದು ಕಲಿಯುತ್ತಿದ್ದರು. ಮನೆಗೆಲಸಕ್ಕೆ ಸೇರಬೇಕಾಗಿದ್ದ ಆ ಮಕ್ಕಳಿಗೆ ಯಜಮಾನರ ಬಟ್ಟೆಗಳ ಮೇಲೆ ಗುರುತುಗಳನ್ನು ಹಾಕುವ ಕೆಲಸವು ಕಾದಿದ್ದಿತು. ಆ ಬಟ್ಟೆಯು ಹುಡುಗಿಯ ತಾಳ್ಮೆಗೂ ವಿಧೇಯತೆಗೂ ಸಾಕ್ಷಿಯಾಗಿದ್ದಿತು. ಅವಳ ಕಲ್ಪನೆಯನ್ನು ಅದು ಕೇಳಲಿಲ್ಲ. ೧೮೬೨ರ ಸರಕಾರೀ ವಿದ್ಯಾನಿಯಮಗಳ ಪ್ರಕಾರ ಹುಡುಗಿಯರ ಸಾದಾ ಹೊಲಿಗೆಯು ಶಾಲೆಗಳ ಪಾಠಗಳಲ್ಲಿ ಕಡ್ಡಾಯವಾದಾಗಲೂ ನೋಟವೆಲ್ಲವೂ ಹೊಲಿಗೆಯ ಸಣ್ಣತನದ ಮೇಲೆಯೇ ಇದ್ದಿತು.

೪. ಚೌಕಳಿ ಕಾಗದವೂ ವರ್ಣಶಾಸ್ತ್ರವೂ

ವಿನ್ಯಾಸವು ಕೈತಪ್ಪಿದ ಮೇಲೆ ವರ್ಣವೂ ಕೈತಪ್ಪಿತು. ೧೮೦೪ರ ಸುಮಾರಿಗೆ ಬರ್ಲಿನ್ ನಗರದಲ್ಲಿ ಚೌಕಳಿ ಕಾಗದದ ಮೇಲೆ ಬಣ್ಣ ತುಂಬಿದ ಮಾದರಿಗಳು ಮಾರಾಟಕ್ಕೆ ಬಂದುವು. ಕಾಗದದ ಒಂದು ಚೌಕಕ್ಕೆ ಬಟ್ಟೆಯ ಮೇಲೆ ಒಂದು ಹೊಲಿಗೆ; ಚೌಕದ ಬಣ್ಣವೇ ಉಣ್ಣೆಯ ಬಣ್ಣ. ಎಣಿಸಲು ಬಲ್ಲವರು ಯಾರಾದರೂ ಇದನ್ನು ಹೊಲಿಯಬಹುದಾಗಿದ್ದಿತು. ‘ಬರ್ಲಿನ್ ಉಣ್ಣೆಯ ಕೆಲಸ’ವೆಂದು ಹೆಸರಾದ ಈ ಪದ್ಧತಿಯು ಯೂರೋಪಿನಲ್ಲೂ ಅಮೆರಿಕದಲ್ಲೂ ಮನೆಮನೆಗೆ ಹಬ್ಬಿತು. ೧೮೫೬ರಲ್ಲಿ ವಿಲಿಯಂ ಪರ್ಕಿನ್ ಎಂಬ ತರುಣ ರಸಾಯನಜ್ಞನು ಡಾಂಬರಿನಿಂದ ನೇರಿಳೆ ಬಣ್ಣವನ್ನು ತೆಗೆದ ಮೇಲೆ ಕೃತಕವಾದ ತೀಕ್ಷ್ಣವರ್ಣಗಳ ಮಳೆಯೇ ಸುರಿಯಿತು. ಕಣ್ಣನ್ನು ಕುಕ್ಕುವ ಕೆಂಪು ಹಸುರುಗಳು ಒಂದರ ಪಕ್ಕದಲ್ಲೊಂದು ಕುಳಿತುವು. ಹೊಲಿಯುವವಳಿಗೆ ಉಳಿದದ್ದು ಎಣಿಕೆ ಮಾತ್ರ.

ವಿಚಿತ್ರವೆಂದರೆ, ವರ್ಣವು ಕಲಿಸತಕ್ಕ ಮತ್ತು ಪರೀಕ್ಷಿಸತಕ್ಕ ವಿಷಯವೆಂಬುದು ಇದೇ ಕಾಲದಲ್ಲಿ ಸಿದ್ಧವಾಯಿತು; ಅದೂ ನೂಲಿನ ಮೂಲಕವೇ. ಪ್ಯಾರಿಸ್ಸಿನ ಗೋಬ್ಲಾಂ ಎಂಬ ರಾಜಕೀಯ ನೇಯ್ಗೆಯ ಕಾರ್ಖಾನೆಯಲ್ಲಿ ಮಿಷೆಲ್ ಯೂಜೇನ್ ಶೆವ್ರೆಲ್ ಎಂಬ ರಸಾಯನಜ್ಞನು ೧೮೨೪ರಲ್ಲಿ ಬಣ್ಣಗಾರಿಕೆಯ ಅಧ್ಯಕ್ಷನಾದನು. ಅಲ್ಲಿಯ ಕಪ್ಪು ನೂಲಿಗೆ ಸಾಕಷ್ಟು ಕಡುಪಿಲ್ಲವೆಂದು ದೂರುಗಳಿದ್ದುವು. ಅವನು ಆ ಕಪ್ಪನ್ನು ಬೇರೆಡೆಯ ಕಪ್ಪುಗಳೊಂದಿಗೆ ಹೋಲಿಸಿ ನೋಡಲಾಗಿ ಬಣ್ಣದಲ್ಲಿ ದೋಷವಿರಲಿಲ್ಲ. ನೀಲಿ, ನೇರಿಳೆಗಳ ಬಳಿಯಲ್ಲಿಟ್ಟುದರಿಂದ ಕಪ್ಪು ಬಾಡಿದಂತೆ ತೋರುತ್ತಿದ್ದಿತು. ಒಂದು ಬಣ್ಣವು ನೆರೆಯ ಬಣ್ಣವನ್ನು ತನ್ನಿಂದ ದೂರಕ್ಕೆ ತಳ್ಳಿ ತೋರಿಸುವುದೆಂಬ ಈ ತತ್ತ್ವವನ್ನು ಅವನು ೧೮೩೯ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿ, ಅನಂತರ ೭೨ ವರ್ಣಭೇದಗಳ ಚಕ್ರವನ್ನೂ ರಚಿಸಿದನು. ೧೯೦೫ರಲ್ಲಿ ಅಮೆರಿಕದ ಆಲ್ಬರ್ಟ್ ಮನ್ಸೆಲ್ಲನು ಪ್ರತಿಯೊಂದು ಬಣ್ಣವನ್ನೂ ಜಾತಿ, ಬೆಳಕು, ತೀವ್ರತೆ ಎಂಬ ಮೂರು ಅಳತೆಗಳಿಂದ ನಿರ್ದೇಶಿಸಬಹುದೆಂದು ತೋರಿಸಿದನು. ಹೀಗೆ ಹಿಂದೆ ‘ಕಣ್ಣಿನ ಪುಣ್ಯ’ವೆನಿಸಿದ್ದುದಕ್ಕೆ ಪರಿಭಾಷೆಯು ದೊರಕಿತು. ಪರಿಭಾಷೆಯು ದೊರಕಿದಲ್ಲಿ ಪಾಠವು ಸಾಧ್ಯ; ಪಾಠವು ಸಾಧ್ಯವಾದಲ್ಲಿ ಪರೀಕ್ಷೆಯೂ ಸಾಧ್ಯ.

೫. ಪಾಠಶಾಲೆಗಳ ಉದಯ

ಬರ್ಲಿನ್ ಉಣ್ಣೆಯ ಕೆಲಸಕ್ಕೆ ಪ್ರತಿಕ್ರಿಯೆಯಾಗಿ ೧೮೭೨ರಲ್ಲಿ ಲಂಡನ್ನಿನಲ್ಲಿ ಲೇಡಿ ವಿಕ್ಟೋರಿಯ ವೆಲ್ಬಿ ಎಂಬವಳ ಪ್ರಯತ್ನದಿಂದ ಕಲಾತ್ಮಕ ಸೂಚೀಕರ್ಮದ ಪಾಠಶಾಲೆಯೊಂದು ಸ್ಥಾಪಿತವಾಯಿತು. ವಿಕ್ಟೋರಿಯ ರಾಣಿಯ ಮಗಳಾದ ಹೆಲೆನಾ ರಾಜಕುಮಾರಿಯು ಅದರ ಮೊದಲ ಅಧ್ಯಕ್ಷಿಣಿ. ೧೮೭೫ರಲ್ಲಿ ‘ರಾಯಲ್’ ಎಂಬ ಗೌರವವಿಶೇಷಣವು ಅದಕ್ಕೆ ದೊರೆಯಿತು. ಮರೆಯುತ್ತಿದ್ದ ಕಲೆಯನ್ನು ಉದ್ಧರಿಸುವುದು, ಕುಲೀನರಾಗಿಯೂ ನಿರ್ಗತಿಕರಾದ ಹೆಂಗಸರಿಗೆ ಮರ್ಯಾದೆಯ ಜೀವನೋಪಾಯವನ್ನು ಕಲ್ಪಿಸುವುದು ಎಂಬಿವೆರಡೂ ಅದರ ಉದ್ದೇಶಗಳಾಗಿದ್ದುವು. ವಿಲಿಯಂ ಮಾರಿಸ್, ಎಡ್ವರ್ಡ್ ಬರ್ನ್-ಜೋನ್ಸ್, ವಾಲ್ಟರ್ ಕ್ರೇನ್ ಮೊದಲಾದ ಪ್ರಖ್ಯಾತರು ಈ ಶಾಲೆಗೆ ಚಿತ್ರಗಳನ್ನು ಬರೆದುಕೊಟ್ಟರು. ೧೮೭೬ರಲ್ಲಿ ಫಿಲಡೆಲ್ಫಿಯ ನಗರದ ಮಹಾಪ್ರದರ್ಶನದಲ್ಲಿ ಇದರ ಕೆಲಸವನ್ನು ಕಂಡ ಕ್ಯಾಂಡೇಸ್ ವೀಲರ್ ಎಂಬ ಅಮೆರಿಕದ ಮಹಿಳೆಯು ಮರುವರ್ಷವೇ ನ್ಯೂಯಾರ್ಕಿನಲ್ಲಿ ಅಲಂಕಾರಕಲೆಯ ಸಂಘವನ್ನು ಸ್ಥಾಪಿಸಿದಳು. ಅಮೆರಿಕದಲ್ಲಿ ಕಲಾತ್ಮಕ ಕಸೂತಿಯು ಪುನಃ ತಲೆಯೆತ್ತಿದುದಕ್ಕೆ ಇದು ಒಂದು ಮುಖ್ಯ ಪ್ರೇರಣೆ.

ಈ ಪಾಠಶಾಲೆಯು ಹೊಲಿಗೆಯನ್ನು ಪುನಃ ಉನ್ನತಿಗೆ ತಂದಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಮುಖ್ಯ ವಿಷಯದಲ್ಲಿ ಹಳೆಯ ಕ್ರಮವೇ ಮುಂದುವರಿಯಿತು. ಚಿತ್ರವು ಕ್ರೇನನದು, ಹೊಲಿಗೆಯು ಹೆಸರಿಲ್ಲದವಳದು. ಮಾರಿಸನು ತಾನೇ ಸೂಜಿ ಹಿಡಿದು ಹಳೆಯ ಕಸೂತಿಗಳನ್ನು ಬಿಚ್ಚಿ ನೋಡಿ ಹೊಲಿಗೆಯನ್ನು ಕಲಿತಿದ್ದನೆಂಬುದು ನಿಜ. ಅವನ ಮಗಳಾದ ಮೇ ಮಾರಿಸಳು ೧೮೮೫ರಲ್ಲಿ, ೨೩ನೆಯ ವಯಸ್ಸಿನಲ್ಲಿ, ತಂದೆಯ ವ್ಯಾಪಾರಸಂಸ್ಥೆಯ ಕಸೂತಿಯ ಶಾಖೆಗೆ ಮುಖ್ಯಸ್ಥೆಯಾಗಿ ತಾನೇ ವಿನ್ಯಾಸಗಳನ್ನೂ ರಚಿಸಿ, ೧೮೯೩ರಲ್ಲಿ ಈ ಕಲೆಯನ್ನು ಕುರಿತು ಗ್ರಂಥವನ್ನೂ ಬರೆದಳು. ಅಂಥವಳಿಗೂ ೧೮೮೪ರಲ್ಲಿ ಸ್ಥಾಪಿತವಾದ ಕಲಾಕರ್ಮಿಗಳ ಸಂಘದಲ್ಲಿ ಸ್ತ್ರೀಯಾದ ಕಾರಣದಿಂದ ಪ್ರವೇಶವಿರಲಿಲ್ಲ. ಆದುದರಿಂದ ೧೯೦೭ರಲ್ಲಿ ಸ್ತ್ರೀಯರದೇ ಆದ ಕಲಾಸಂಘವನ್ನು ಸ್ಥಾಪಿಸುವುದರಲ್ಲಿ ಅವಳು ಮುಂದಾದಳು. ವಿನ್ಯಾಸವು ಯಾರ ಸ್ವತ್ತು ಎಂಬುದು ಅಂದವನ್ನು ಮಾತ್ರ ಕುರಿತ ಪ್ರಶ್ನೆಯಾಗಿರಲಿಲ್ಲ. ಕೂಲಿ, ಹೆಸರು, ಸಂಘದಲ್ಲಿ ಸ್ಥಾನ ಇವೆಲ್ಲವೂ ಅದನ್ನು ಅವಲಂಬಿಸಿದ್ದುವು.

೬. ಗ್ಲಾಸ್ಗೋ ನಗರದ ಹೊಸ ಮಾರ್ಗ

ಈ ಗಂಟನ್ನು ಬಿಡಿಸಿದ ಕೀರ್ತಿಯು ಸ್ಕಾಟ್ಲೆಂಡಿನ ಗ್ಲಾಸ್ಗೋ ಕಲಾಶಾಲೆಗೆ ಸಲ್ಲತಕ್ಕುದು. ಅಲ್ಲಿಯ ಮುಖ್ಯಾಧ್ಯಾಪಕನಾದ ಫ್ರಾನ್ಸಿಸ್ ನ್ಯೂಬರಿಯ ಪತ್ನಿಯಾಗಿ, ತಾನೂ ಅದೇ ಶಾಲೆಯಲ್ಲಿ ಕಲಿತಿದ್ದ ಜೆಸಿ ನ್ಯೂಬರಿಯು ೧೮೯೪ರಲ್ಲಿ ಕಸೂತಿಯ ತರಗತಿಯನ್ನು ಆರಂಭಿಸಿದಳು. ಹೊಲಿಯುವವಳೇ ವಿನ್ಯಾಸವನ್ನು ರಚಿಸಬೇಕೆಂಬುದು ಆ ತರಗತಿಯ ಮೂಲಸೂತ್ರ. ಬೆಲೆಬಾಳುವ ರೇಷ್ಮೆ ಜರಿಗಳಿಗೆ ಬದಲಾಗಿ ಸಾದಾ ನಾರುಬಟ್ಟೆ ಉಣ್ಣೆಬಟ್ಟೆಗಳನ್ನು ಬಳಸಿ, ತುಂಡುಗಳನ್ನು ಕತ್ತರಿಸಿ ಅಂಟಿಸಿ ಹೊಲಿಯುವ ಸರಳ ಕ್ರಮವನ್ನು ಅವಳು ಬೋಧಿಸಿದಳು. ದ್ರವ್ಯದ ಬೆಲೆಯನ್ನು ತಗ್ಗಿಸಿದುದರಿಂದ ದ್ರವ್ಯಪರೀಕ್ಷೆಯು ಗೌಣವಾಯಿತು, ಹೊಲಿಗೆಯನ್ನು ಸರಳಗೊಳಿಸಿದುದರಿಂದ ಹಸ್ತಪರೀಕ್ಷೆಯು ಸುಲಭವಾಯಿತು, ಉಳಿದುದು ಮತಿಪರೀಕ್ಷೆ. ಈ ಮೂರರ ಸ್ಥಾನವನ್ನು ತಲೆಕೆಳಗು ಮಾಡಿದುದೇ ಅವಳ ದೊಡ್ಡ ಸಾಧನೆ.

ಅವಳ ಶಿಷ್ಯೆಯಾದ ಆ್ಯನ್ ಮ್ಯಾಕ್‌ಬೆತ್ ಈ ತತ್ತ್ವವನ್ನು ಉಪಾಧ್ಯಾಯಿನಿಯರ ಶಿಕ್ಷಣಕ್ಕೆ ವಿಸ್ತರಿಸಿದಳು. ಶನಿವಾರಗಳಂದು ಶಾಲೆಗಳ ಉಪಾಧ್ಯಾಯಿನಿಯರಿಗಾಗಿ ತರಗತಿಗಳು ನಡೆದುವು. ಅಭ್ಯಾಸವನ್ನು ಮುಗಿಸಿದವರಿಗೆ ಯೋಗ್ಯತಾಪತ್ರಗಳೂ ದೊರೆತುವು. ೧೯೧೧ರಲ್ಲಿ ಮಾರ್ಗರೆಟ್ ಸ್ವಾನ್ಸನ್ ಎಂಬವಳೊಡನೆ ಅವಳು ಪ್ರಕಟಿಸಿದ ‘ಎಜುಕೇಷನಲ್ ನೀಡಲ್‌ಕ್ರಾಫ್ಟ್’ ಎಂಬ ಪುಸ್ತಕವು ಶಾಲೆಗಳ ಹೊಲಿಗೆಯ ಪಾಠವನ್ನೇ ಬದಲಾಯಿಸಿತು. ಬಿಳಿಯ ಬಟ್ಟೆಯ ಮೇಲೆ ಬಿಳಿಯ ನೂಲಿನಿಂದ ಕಣ್ಣು ನೋಯುವಂತೆ ಹೊಲಿಯಿಸುವ ಬದಲು, ಮೊದಲು ಮಕ್ಕಳಿಗೆ ಎದ್ದುಕಾಣುವ ಬಣ್ಣದ ದಪ್ಪ ನೂಲಿನಿಂದ ದೊಡ್ಡ ಹೊಲಿಗೆಗಳನ್ನು ಹಾಕಿಸಿ, ವಯಸ್ಸು ಬೆಳೆದಂತೆ ಸೂಕ್ಷ್ಮತೆಗೆ ಒಯ್ಯಬೇಕೆಂಬುದು ಅದರ ಕ್ರಮ. ಹೊಲಿಗೆಯ ಸಾಲೇ ಅಲಂಕಾರವಾಗಬೇಕು. ವಿನ್ಯಾಸವು ಹೊರಗಿನಿಂದ ಬಾರದೆ ಹೊಲಿಗೆಯಿಂದಲೇ ಹುಟ್ಟಬೇಕು. ವರ್ಣವು ಇಲ್ಲಿ ಕಿರಿಯ ಮಗುವಿನ ಮೊದಲ ಪಾಠವಾಯಿತು.

ಮುಂದಿನ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ರಾಯಲ್ ಶಾಲೆಯ ಹಳೆಯ ವಿದ್ಯಾರ್ಥಿನಿಯರು ೧೯೦೬ರಲ್ಲಿ ಲಂಡನ್ನಿನ ಕಸೂತಿಗಾರರ ಸಂಘವನ್ನು ಸ್ಥಾಪಿಸಿದರು. ೧೯೩೪ರಲ್ಲಿ ದಾರದ ವ್ಯಾಪಾರಿಗಳಾದ ಕೋಟ್ಸ್ ಸಂಸ್ಥೆಯವರ ನೆರವಿನಿಂದ ಸ್ಕಾಟ್ಲೆಂಡಿನ ನಾಲ್ಕು ಕಲಾಶಾಲೆಗಳು ಕೂಡಿ ಸೂಚೀಕರ್ಮಾಭಿವೃದ್ಧಿಯ ಯೋಜನೆಯನ್ನು ನಡೆಯಿಸಿ, ಒಳ್ಳೆಯ ವಿನ್ಯಾಸಗಳ ಸಂಗ್ರಹವನ್ನು ಶಾಲೆಗಳಿಗೆ ಕಳುಹಿಸುತ್ತಿದ್ದುವು. ೧೯೬೧ರಲ್ಲಿ ಅದು ನಿಂತಿತು. ಎರಡನೆಯ ಮಹಾಯುದ್ಧದ ಅನಂತರ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ವಿದ್ಯಾಲಯದಲ್ಲಿ ಕಾನ್‌ಸ್ಟೆನ್ಸ್ ಹೋವರ್ಡಳು ಕಸೂತಿಯನ್ನು ಕಲಾಪದವಿಗೆ ತಕ್ಕ ಅಭ್ಯಾಸವನ್ನಾಗಿ ಮಾಡಿದಳು. ೧೮೭೮ರಲ್ಲಿ ಲಂಡನ್ನಿನ ಶ್ರೇಣಿಗಳೂ ನಗರಸಭೆಯೂ ಕೂಡಿ ಕಟ್ಟಿದ ‘ಸಿಟಿ ಅಂಡ್ ಗಿಲ್ಡ್ಸ್’ ಎಂಬ ಪರೀಕ್ಷಾಸಂಸ್ಥೆಯ ಕಸೂತಿಯ ಪರೀಕ್ಷೆಗಳಲ್ಲಿಯೂ ೨೦ನೆಯ ಶತಮಾನದಲ್ಲಿ ವಿನ್ಯಾಸಕ್ಕೆ ಸ್ಥಾನ ದೊರೆಯಿತು. ೧೯೮೭ರಿಂದ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ನಡೆಯುತ್ತಿರುವ ರಾಯಲ್ ಶಾಲೆಯ ಯೋಗ್ಯತಾಪತ್ರದ ಅಭ್ಯಾಸದಲ್ಲಿ ವಿದ್ಯಾರ್ಥಿನಿಯು ತನ್ನ ಚಿತ್ರವನ್ನೂ ವರ್ಣಯೋಜನೆಯನ್ನೂ ಗುರುಗಳ ಮಾರ್ಗದರ್ಶನದಲ್ಲಿ ತಾನೇ ಸಿದ್ಧಪಡಿಸುವಳು. ಅಮೆರಿಕದ ಸಂಘದ ವರ್ಣ-ವಿನ್ಯಾಸಗಳ ಪ್ರತ್ಯೇಕ ಪರೀಕ್ಷೆಗಳು ಈ ಪರಂಪರೆಯ ಕೊಂಬೆಗಳೇ.

೭. ಪೂರ್ವಪಕ್ಷವೂ ಸಮಾಧಾನವೂ

ಇಲ್ಲಿ ಒಂದು ಆಕ್ಷೇಪವು ಬರಬಹುದು. ಹೊಲಿಗೆಯ ನೇರವನ್ನು ಅಳೆಯಬಹುದು, ರಸಿಕತೆಯನ್ನು ಅಳೆಯುವುದೆಂತು? ಕವಿಗೆ ಪರೀಕ್ಷೆಯಿಟ್ಟು ಕವಿತ್ವದ ಪತ್ರವನ್ನು ಕೊಡುವುದು ಹಾಸ್ಯಾಸ್ಪದವಾದರೆ ವರ್ಣವಿನ್ಯಾಸಗಳಿಗೆ ಪತ್ರವನ್ನು ಕೊಡುವುದೂ ಹಾಗೆಯೇ ಅಲ್ಲವೇ?

ಈ ಪೂರ್ವಪಕ್ಷಕ್ಕೆ ಸಮಾಧಾನವು ಆಲಂಕಾರಿಕರಲ್ಲಿಯೇ ಇದೆ. ಕಾವ್ಯಪ್ರಕಾಶಕಾರನಾದ ಮಮ್ಮಟನು ಶಕ್ತಿ, ನಿಪುಣತೆ, ಬಲ್ಲವರ ಶಿಕ್ಷಣದಿಂದ ಮಾಡಿದ ಅಭ್ಯಾಸ ಎಂಬ ಮೂರೂ ಕೂಡಿ ಕಾವ್ಯಕ್ಕೆ ಒಂದೇ ಕಾರಣವೆಂದು ಸಿದ್ಧಾಂತ ಮಾಡಿದ್ದಾನೆ. ಇವುಗಳಲ್ಲಿ ಶಕ್ತಿಯೆಂಬುದು ಜನ್ಮದಿಂದ ಬಂದುದು. ಅದನ್ನು ಯಾವ ಪರೀಕ್ಷಕನೂ ಕೊಡಲಾರನು, ಅಳೆಯಲಾರನು. ಆದರೆ ನಿಪುಣತೆ ಮತ್ತು ಅಭ್ಯಾಸಗಳು ಪ್ರಯತ್ನಸಾಧ್ಯವಾದುವು. ಬೂದುಬಣ್ಣದ ಎಳೆಯನ್ನು ಕೆಂಪಿನ ಬಳಿಯಲ್ಲಿಟ್ಟರೆ ಅದು ಹಸುರಾಗಿ ಕಾಣುವುದೆಂಬುದನ್ನು ಬಲ್ಲಳೇ, ಒಂದೇ ವಿನ್ಯಾಸವನ್ನು ಬೇರೆ ಬೇರೆ ವರ್ಣಯೋಜನೆಗಳಲ್ಲಿ ಇಟ್ಟು ಅವುಗಳ ತಾರತಮ್ಯವನ್ನು ಕಾರಣಸಹಿತವಾಗಿ ಹೇಳಬಲ್ಲಳೇ, ತುಂಬಿದ ಎಡೆಗೂ ಬಿಟ್ಟ ಎಡೆಗೂ ಸಾಮ್ಯವನ್ನು ಕಾಯಬಲ್ಲಳೇ ಎಂಬಿವನ್ನು ಪರೀಕ್ಷಕರು ನಿಸ್ಸಂದೇಹವಾಗಿ ನೋಡಬಹುದು. ವ್ಯಾಕರಣ ಛಂದಸ್ಸುಗಳಲ್ಲಿ ಪರೀಕ್ಷೆ ಕೊಟ್ಟವನು ಕವಿಯೇ ಆಗಬೇಕೆಂಬ ನಿಯಮವಿಲ್ಲ. ಹಾಗೆಂದು ಆ ಪರೀಕ್ಷೆಯು ವ್ಯರ್ಥವೆಂದು ಯಾರೂ ಹೇಳರು. ಪತ್ರವು ನಿಪುಣತೆಗೆ ಪ್ರಮಾಣವೇ ಹೊರತು ಪ್ರತಿಭೆಗೆ ಪ್ರಮಾಣವಲ್ಲ ಎಂಬ ಮಿತಿಯನ್ನು ಅರಿತಿರುವುದು ಮಾತ್ರ ಅವಶ್ಯಕ.

೮. ಭಾರತದ ಸ್ಥಿತಿ

ಇದೇ ಮೂರು ಪ್ರಶ್ನೆಗಳನ್ನು ಭಾರತದ ಸೂಚೀಕರ್ಮಕ್ಕೆ ಅನ್ವಯಿಸಿ ನೋಡಿದರೆ ಕೆಲವು ಸಾಮ್ಯಗಳೂ ಒಂದು ದೊಡ್ಡ ಭೇದವೂ ಕಾಣುವುವು. ವಾಜಸನೇಯಿ ಸಂಹಿತೆಯ ೩೦ನೆಯ ಅಧ್ಯಾಯದಲ್ಲಿ ನಾನಾ ವೃತ್ತಿಗಳವರನ್ನು ಹೇಳುವಾಗ ‘ಪೇಶಸ್ಕಾರೀ’ ಎಂಬ ಸ್ತ್ರೀಲಿಂಗಶಬ್ದವು ಬಂದಿದೆ. ಇವಳು ಕಸೂತಿಯವಳೆಂದು ಆಧುನಿಕ ವಿದ್ವಾಂಸರು ಸಾಮಾನ್ಯವಾಗಿ ಅರ್ಥೈಸುವರು. ಅಮರಸಿಂಹನು ‘ತುನ್ನವಾಯ’, ‘ಸೌಚಿಕ’ ಎಂಬ ಪರ್ಯಾಯಗಳನ್ನು ಕೊಟ್ಟಿದ್ದಾನೆ. ವಾತ್ಸ್ಯಾಯನನ ೬೪ ಕಲೆಗಳಲ್ಲಿ ಆಲೇಖ್ಯವೂ ಸೂಚೀವಾನಕರ್ಮವೂ ಬೇರೆ ಬೇರೆಯಾಗಿ ಗಣಿತವಾಗಿವೆ. ವ್ಯಾಖ್ಯಾನಕಾರನಾದ ಯಶೋಧರನು ಆಲೇಖ್ಯಕ್ಕೆ ಪ್ರಮಾಣ, ವರ್ಣಿಕಾಭಂಗ ಮೊದಲಾದ ಆರು ಅಂಗಗಳನ್ನು ಹೇಳಿದನು. ಸೂಚೀಕರ್ಮಕ್ಕೆ ಬಂದಾಗ ವಸ್ತುಭೇದದಿಂದ ವಿಭಾಗಗಳನ್ನು ಮಾಡಿದನೇ ಹೊರತು ವರ್ಣದ ಮಾತನ್ನು ತೆಗೆಯಲಿಲ್ಲ. ಶಾಸ್ತ್ರದೃಷ್ಟಿಯಲ್ಲಿ ಇಲ್ಲಿಯೂ ವರ್ಣವಿನ್ಯಾಸಗಳು ಚಿತ್ರಕಾರನ ಪಾಲಿಗೇ ಬಂದುವು.

ಶಿಷ್ಯವೃತ್ತಿಯ ವಿಷಯದಲ್ಲಿ ಧರ್ಮಶಾಸ್ತ್ರವು ಸ್ಪಷ್ಟವಾಗಿದೆ. ಶಿಲ್ಪವನ್ನು ಕಲಿಯಬಯಸುವ ಅಂತೇವಾಸಿಯು ಬಂಧುಗಳ ಅನುಮತಿಯಿಂದ, ಕಾಲವನ್ನು ಗೊತ್ತುಮಾಡಿಕೊಂಡು ಆಚಾರ್ಯನ ಮನೆಯಲ್ಲಿರಬೇಕು. ಆಚಾರ್ಯನು ಅವನಿಗೆ ಅನ್ನವನ್ನಿಟ್ಟು ಮಗನಂತೆ ಕಾಣಬೇಕು, ಬೇರೆ ಕೆಲಸಗಳನ್ನು ಮಾಡಿಸಕೂಡದು ಎಂದು ನಾರದನ ವಿಧಿ. ವಿದ್ಯೆಯು ಬೇಗನೆ ಬಂದರೂ ಗೊತ್ತಾದ ಕಾಲದವರೆಗೆ ಇದ್ದು, ದುಡಿಮೆಯ ಫಲವನ್ನು ಗುರುವಿಗೇ ಕೊಡಬೇಕೆಂದು ಯಾಜ್ಞವಲ್ಕ್ಯನ ಮತ. ಈ ಸ್ಮೃತಿಗೆ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದುದು ಪ್ರಸಿದ್ಧವಾಗಿಯೇ ಇದೆ. ಪ್ಯಾರಿಸ್ಸಿನ ಎಂಟು ವರ್ಷದ ಕಟ್ಟಳೆಗೂ ಈ ವಿಧಿಗೂ ಇರುವ ಹೋಲಿಕೆಯು ಕುತೂಹಲಕರವಾದುದು. ಗುರುವಿನ ಬೀಳ್ಕೊಡುಗೆಯೇ ಇಲ್ಲಿಯ ಯೋಗ್ಯತಾಪತ್ರ.

ಆದರೆ ಶಾಸ್ತ್ರವು ಹೇಳದಿದ್ದುದನ್ನು ಲೋಕವು ಮಾಡಿ ತೋರಿಸಿದೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಮೊದಲೇ ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಳ್ಳುವ ವಾಡಿಕೆಯಿಲ್ಲ. ಇಳಕಲ್ಲಿನ ಸೀರೆಯ ಸೆರಗಿನ ಬಳಿಯಲ್ಲಿ, ಕುಪ್ಪಸದ ಬಟ್ಟೆಯ ಮೇಲೆ, ನೆಯ್ಗೆಯ ಎಳೆಗಳನ್ನೇ ಎಣಿಸುತ್ತ ಗೋಪುರ, ತೇರು, ತುಳಸಿಯ ಬೃಂದಾವನ, ಆನೆಯ ಅಂಬಾರಿ, ತೊಟ್ಟಿಲು, ನವಿಲುಗಳನ್ನು ಹೆಂಗಸರು ಮೂಡಿಸುವರು. ಗವಂತಿ, ಮುರಗಿ, ನೇಯ್ಗೆ, ಮೆಂತ್ಯ ಎಂದು ಹೊಲಿಗೆಗಳು ನಾಲ್ಕು. ಇವುಗಳಲ್ಲಿ ಗವಂತಿಯ ಕ್ರಮವು ವಿಶೇಷವಾಗಿ ವಿಚಾರಾರ್ಹ. ಸೂಜಿಯು ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆಯನ್ನು ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಎಡೆಗಳನ್ನು ತುಂಬುವುದು, ಗಂಟು ಕಾಣಕೂಡದು, ಬಟ್ಟೆಯ ಎರಡು ಮಗ್ಗುಲುಗಳೂ ಒಂದೇ ರೀತಿಯಾಗಿರಬೇಕು. ಗೋಪುರದ ಪ್ರತಿಯೊಂದು ಕವಲಿಗೂ ಹೋಗಿ, ಎಲ್ಲಿಯೂ ತೆರಪು ಬಿಡದೆ ಹೊರಟ ಎಡೆಗೆ ಹಿಂದಿರುಗಬೇಕಾದರೆ, ಮೊದಲ ಹೊಲಿಗೆಗೆ ಮುಂಚೆಯೇ ಇಡೀ ದಾರಿಯು ಮನಸ್ಸಿನಲ್ಲಿ ಸಿದ್ಧವಾಗಿರಬೇಕು. ಇಲ್ಲಿ ವಿನ್ಯಾಸವನ್ನು ಹೊಲಿಗೆಯಿಂದ ಬೇರ್ಪಡಿಸಿ ಇನ್ನೊಬ್ಬನ ಕೈಗೆ ಕೊಡುವುದು ಅಶಕ್ಯ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕೆಂಪು, ಹಸುರು, ಹಳದಿ, ಬಿಳಿಯ ಎಳೆಗಳು ಹೇಗೆ ಹೊಳೆಯುವುವೆಂಬುದನ್ನು ಕಂಡುಕೊಂಡ ಅಜ್ಜಿಯರು ಶೆವ್ರೆಲನ ಗ್ರಂಥವನ್ನು ಓದಿದವರಲ್ಲ. ಗ್ಲಾಸ್ಗೋ ನಗರದಲ್ಲಿ ೧೮೯೪ರಲ್ಲಿ ಹೊಸದಾಗಿ ಸ್ಥಾಪಿಸಬೇಕಾಗಿ ಬಂದ ಕೈ-ಕಣ್ಣುಗಳ ಐಕ್ಯವು ಈ ಅಂಗಳಗಳಲ್ಲಿ ಎಂದೂ ಮುರಿದಿರಲಿಲ್ಲ.

ಮುರಿಯದ ಐಕ್ಯಕ್ಕೆ ಪತ್ರವೂ ಇರಲಿಲ್ಲ. ಇಂದು ಭಾರತದಲ್ಲಿ ಮೂರು ಬಗೆಯ ಮನ್ನಣೆಗಳಿವೆ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಕಸೂತಿಯನ್ನು ಕಲಿತು ಪರೀಕ್ಷೆ ಕೊಟ್ಟವರಿಗೆ ಪ್ರಮಾಣಪತ್ರವುಂಟು. ಪ್ರವೀಣರಾದ ಕುಶಲಕರ್ಮಿಗಳಿಗೆ ೧೯೬೫ರಿಂದ ರಾಷ್ಟ್ರಪ್ರಶಸ್ತಿಗಳು ಸಲ್ಲುತ್ತಿವೆ. ಭೌಗೋಳಿಕ ಗುರುತುಗಳ ೧೯೯೯ರ ಕಾನೂನಿನ ಪ್ರಕಾರ ಕರ್ನಾಟಕದ ಕಸೂತಿಯ ಹೆಸರಿಗೆ ರಕ್ಷಣೆಯೂ ದೊರೆತಿದೆ. ಮೊದಲನೆಯದು ಪಾಠಶಾಲೆಗೆ ಬಂದವರಿಗೆ, ಎರಡನೆಯದು ಬೆರಳೆಣಿಕೆಯ ಶ್ರೇಷ್ಠರಿಗೆ, ಮೂರನೆಯದು ಸೀಮೆಗೆ. ಪಾಠಶಾಲೆಗೆ ಬಾರದೆ, ಪ್ರಶಸ್ತಿಯ ಎತ್ತರಕ್ಕೂ ಏರದೆ, ತಾಯಿಯಿಂದ ಕಲಿತು ಮಗಳಿಗೆ ಕಲಿಸಿದ ಸಾಮಾನ್ಯ ಪ್ರವೀಣೆಗೆ ವಿನ್ಯಾಸಕಾರ್ತಿಯೆಂಬ ಮನ್ನಣೆಯನ್ನು ಈ ಮೂರೂ ತಲುಪಿಸಲಾರವು. ಕೂಲಿಯನ್ನು ಹೊಲಿಗೆಯ ಲೆಕ್ಕದಲ್ಲಿ ಎಣಿಸುವಾಗ ಅವಳ ಮತಿಗೆ ಬೆಲೆಯು ಸೇರುವುದಿಲ್ಲ.

೯. ಉಪಸಂಹಾರ

ಮೇಲ್ಕಂಡ ವಿಚಾರದಿಂದ ಸಿದ್ಧವಾಗುವುದೇನೆಂದರೆ, ಸೂಚೀಕರ್ಮದಲ್ಲಿ ವರ್ಣವಿನ್ಯಾಸಗಳ ಯೋಗ್ಯತಾಪತ್ರವು ಕೇವಲ ಒಂದು ಅಲಂಕಾರದ ಬಿರುದಲ್ಲ. ಚಿತ್ರಕಾರನ ಗೆರೆಗೂ ಅಂಗಡಿಯ ಚೌಕಳಿ ಕಾಗದಕ್ಕೂ ಒಪ್ಪಿಸಿಬಿಟ್ಟಿದ್ದ ಅಧಿಕಾರವನ್ನು ಸೂಜಿ ಹಿಡಿದವಳು ಮರಳಿ ಪಡೆದಳೆಂಬುದಕ್ಕೆ ಅದು ಸಾಕ್ಷಿ. ಅದನ್ನು ಪಡೆಯಲು ವರ್ಷಗಟ್ಟಲೆ ಶ್ರಮಿಸುವವರು ಹೊಲಿಗೆಯನ್ನು ಬಲ್ಲವರೇ ಆಗಿದ್ದರೂ ವಿದ್ಯಾರ್ಥಿಗಳಾಗಿ ಪುನಃ ಕುಳಿತುಕೊಳ್ಳುವುದಕ್ಕೆ ಇದೇ ಕಾರಣ.

ಅದರ ನ್ಯೂನತೆಯೂ ಇಷ್ಟೇ ಸ್ಪಷ್ಟ. ಲಿಖಿತವಾದ ಪರಿಭಾಷೆಯಲ್ಲಿ ಉತ್ತರ ಹೇಳಬಲ್ಲವರನ್ನು ಮಾತ್ರ ಅದು ಕಾಣುವುದು. ಗವಂತಿಯ ದಾರಿಯನ್ನು ಮನಸ್ಸಿನಲ್ಲೇ ಹಾಕಿಕೊಳ್ಳುವವಳ ಜ್ಞಾನವನ್ನು ಅವಳ ನುಡಿಯಲ್ಲಿ, ಅವಳ ಬಟ್ಟೆಯ ಮೇಲೆಯೇ ಓದಬಲ್ಲ ಪರೀಕ್ಷಕರು ದೊರೆತಾಗ ಈ ಪದ್ಧತಿಯು ಪೂರ್ಣವಾಗುವುದು. ಅಲ್ಲಿಯವರೆಗೆ ಕರ್ನಾಟಕದ ಕಸೂತಿಯ ಹೊಲಿಗೆಗಳ, ಚಿತ್ತಾರಗಳ, ಬಣ್ಣಗಳ ಹೆಸರುಗಳನ್ನು ಹೊಲಿಯುವವರ ಬಾಯಿಂದಲೇ ಸಂಗ್ರಹಿಸಿ ಕೋಶಕ್ಕೆ ಸೇರಿಸುವ ಕೆಲಸವು ಭಾಷಾವಿದ್ವಾಂಸರದು. ಪರಿಭಾಷೆಯು ದೊರಕಿದಲ್ಲಿಯೇ ಪರೀಕ್ಷೆಯೂ ಮನ್ನಣೆಯೂ ದೊರಕುವುವೆಂಬುದಕ್ಕೆ ಈ ಚರಿತ್ರೆಯೇ ಪ್ರಮಾಣವಾಗಿದೆ.